ಎಲಿವೇಶನ್ ಎಂದರೆ ಎತ್ತರವಲ್ಲವಂತೆ

ಕಾಲೇಜು ಪರಿಸರ ಇಮಾರತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬರುವ ಸೋಮವಾರ ತಾವು ಒಡೆಸಲಿರುವ ಗುಂಡವ್ವನ ಕಟ್ಟೆಯದು ಏನೂ ತಪ್ಪಿಲ್ಲ. ತಪ್ಪು ನನ್ನದು. ಅದಕ್ಕೆ ನೆರವಾದದ್ದು ತಮ್ಮ ಇಂಗ್ಲಿಷ್ ನೋಟೀಸು.

ಬಾಗೇವಾಡಿಗೆ ಕಾಲೇಜು ಬಂದ ಮೇಲೆ ಅದರ ಸುತ್ತಲಿನ ಇನ್ನೂರು ಗಜವನ್ನು ತಾವು 'ವಿದ್ಯಾವಲಯ' ಮಾಡಿದಿರಿ. ಅಲ್ಲಿನ ಮನೆಗಳೆಲ್ಲ ವಿದ್ಯೆಗೆ ಒಪ್ಪುವಂತೆ ಕಾಣಬೇಕೆಂದಿರಿ. ಸಂತೋಷ. ಪಾಠ ಕೇಳುವ ನಾವೇ ಇನ್ನೂ ಹಾಗೆ ಕಾಣುತ್ತಿಲ್ಲ, ಗೋಡೆಗಳಾದರೂ ಕಾಣಲಿ. ಆದರೆ ಗುಂಡವ್ವನ ಖಾನಾವಳಿಗೆ ಬಂದ ನೋಟೀಸಿನಲ್ಲಿ ಇದ್ದದ್ದು ಒಂದೇ ಸಾಲು: 'ಫ್ರಂಟ್ ಎಲಿವೇಶನ್ ಟು ಬಿ ಇಂಪ್ರೂವ್ಡ್' ಎಂದು, ಪೂರ್ತಿ ಇಂಗ್ಲಿಷಿನಲ್ಲಿ. ಊಟಕ್ಕೆ ಕೂತ ಇಪ್ಪತ್ತು ಹುಡುಗರಲ್ಲಿ ಅವಳು ಕರೆದದ್ದು ನನ್ನನ್ನು.

"ವಿಜಾಪುರದ ಹಾಸ್ಟೆಲಿನಾಗ ಕಲ್ತಾಂವ ಅದಿ. ಓದೋ ಖಂಡ್ಯಾ, ಏನಂತಾರ?"

ಇಂಗ್ಲಿಷ್ ಬರುವುದಿಲ್ಲ ಎನ್ನಲು ಧೈರ್ಯ ಬೇಕು. ನಾನು ಹಾಜರಿಯನ್ನೂ ಪಕ್ಕದವನಿಂದ ಹೇಳಿಸುವವನು. ನನ್ನ ಹಳೆಯ ಡಿಕ್ಷನರಿಯಲ್ಲಿ ಎಲಿವೇಶನ್ ಎದುರಿಗೆ 'ಎತ್ತರ' ಎಂದಿತ್ತು. "ಆಯಿ, ಮನಿ ಮುಂದಿನ ಎತ್ತರ ಸುಧಾರಿಸ್ಬೇಕಂತ" ಎಂದುಬಿಟ್ಟೆ.

ಗೋಡೆ ಕಟ್ಟುವ ಗೌಂಡಿ ಬಂದಗಿಸಾಬ ಬಂದು ನೋಡಿದ. "ಮುಂದ ಇರೋದು ಕಟ್ಟಿ ಒಂದ ನೋಡವ್ವಾ. ಅದನ್ನ ಏರಸೂನೇನು?"

"ಸರಕಾರದವ್ರು ಹೇಳ್ಯಾರಂದ್ರ ಏರಸಪಾ."

ಮೂರೇ ದಿನದಲ್ಲಿ ಕಟ್ಟೆ ಒಂದು ಮೊಳ ಏರಿತು. ಅಂದಿನಿಂದ ನಾವು ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತಿ, ಎಳೆಗೂಸುಗಳಂತೆ ಕಾಲು ಜೋಲಾಡಿಸುತ್ತ ರೊಟ್ಟಿ ತಿನ್ನುತ್ತಿದ್ದೇವೆ. ಆಮೇಲೆ ತಮ್ಮ ಸಮಿತಿ ಜೀಪಿನಲ್ಲಿ ಬಂದು, ಇಳಿಯದೆಯೇ ನೋಡಿ, 'ಉದ್ಧಟತನ' ಎಂದು ಬರೆದುಕೊಂಡು ಹೋಯಿತು. ಈಗ ಇಡೀ ಕಟ್ಟೆಯೇ ಹೋಗಬೇಕಂತೆ.

ಎಲಿವೇಶನ್ ಎಂದರೆ ಮನೆಯ ಎದುರಿನ ನೋಟವೆಂದು ನಮ್ಮ ಮಾಸ್ತರರು ನಗುತ್ತ ತಿಳಿಸಿದರು. ಸುಣ್ಣ ಬಳಿದಿದ್ದರೆ ಸಾಕಿತ್ತಂತೆ! ಮಾನ್ಯರೇ, ತಾವೂ ಕನ್ನಡದವರು, ನೋಟೀಸು ತಂದ ಜವಾನನೂ ಕನ್ನಡದವನು, ಗುಂಡವ್ವನಂತೂ ಸೈಯೇ. ಇಂಗ್ಲಿಷರು ಹೋಗಿ ಹದಿನೇಳು ವರ್ಷವಾಯಿತು. ಆ ಒಂದು ಸಾಲನ್ನು ತಾವು ಯಾರಿಗೆ ಬರೆದಿರಿ?

ಗುಂಡವ್ವನ ಮನೆಯೊಳಗೆ ಒಲೆ, ಹಿಟ್ಟಿನ ಗಡಿಗೆ ಮತ್ತು ಗುಂಡವ್ವ, ಇಷ್ಟಕ್ಕೇ ಜಾಗ. ಕಟ್ಟೆ ಹೋದರೆ ಖಾನಾವಳಿ ಹೋದಂತೆ. ಕಾಲೇಜಿಗೆ ಹಾಸ್ಟೆಲಿಲ್ಲ. ಇಂಡಿ, ಹಿಪ್ಪರಗಿಯಂಥ ಊರುಗಳಿಂದ ಬಂದ ಹುಡುಗರು ತಮ್ಮ ವಿದ್ಯಾವಲಯದ ಚಂದ ನೋಡಿ ಹೊಟ್ಟೆ ತುಂಬಿಸಿಕೊಳ್ಳಬೇಕೇ?

ಪತ್ರವನ್ನು ಇಲ್ಲಿಯವರೆಗೆ ಬರೆದು ನಿನ್ನೆ ಗುಂಡವ್ವನಿಗೇ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹಂಗಾರ ನಿನಗ ಇಂಗ್ಲೀಷ ಬರೂದಿಲ್ಲೇನೋ?"

"ಅರ್ಧ ಬರ್ತೈತಿ, ಆಯಿ."

"ಅರ್ಧಕ್ಕ ಒಂದ ಮೊಳ ಏರಿಸಿದಿ. ಪೂರಾ ಬಂದಿದ್ರ ಮಾಳಿಗಿಗೇ ಮುಟ್ಟಿಸ್ತಿದ್ದಿ, ಭಾಡ್ಯಾ!" ಎಂದು, ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ತಿಂದವನೇ ಬಂದಗಿಸಾಬನ ಹತ್ತಿರ ಹೋದೆ.

ಆದ್ದರಿಂದ ಒಡೆಯುವ ಆಜ್ಞೆಯನ್ನು ರದ್ದು ಮಾಡಿ. ನಾನು ಏರಿಸಿದ ಮೊಳವನ್ನು ಭಾನುವಾರ ನಾನೇ ಕಲ್ಲು ಹೊತ್ತು ಇಳಿಸುತ್ತೇನೆ, ಬಂದಗಿಸಾಬ ಒಪ್ಪಿದ್ದಾನೆ. ಕಾಲೇಜಿಗಿಂತ ಮೊದಲಿನಿಂದ ಇರುವ ಕೆಳಗಿನ ಕಟ್ಟೆ ಹಾಗೇ ಇರಲಿ. ಮುಂದಿನ ನೋಟೀಸು ಕನ್ನಡದಲ್ಲಿ ಬರಲಿ. ಭಾನುವಾರದೊಳಗೆ ಒಮ್ಮೆ ಜೀಪಿನಿಂದ ಇಳಿದು ಬಂದು ಆ ಕಟ್ಟೆ ಹತ್ತಿ ಕೂತು ನೋಡಿ. ಬಿಸಿ ರೊಟ್ಟಿ ಸಿಗುತ್ತದೆ. ತಮ್ಮ ಕಾಲೂ ನೆಲಕ್ಕೆ ಮುಟ್ಟುವುದಿಲ್ಲ.

ಇಂತಿ,
ಒಂದು ಮೊಳ ಇಳಿಯಲು ಸಿದ್ಧನಿರುವ,
ಮಸೂತಿ ಊರಿನ ಖಂಡೆಪ್ಪ
(ಕಾಲೇಜಿನ ಮೊದಲ ವರ್ಷ, ಗೆಳೆಯರ ಬಾಯಲ್ಲಿ 'ಎಲಿವೇಶನ್')