ಸಿಡಿಲು ಬಡಿದ ಮರದ ಪೊಟರೆ

ಕಿವಿರಾಯಾ,

ನಮ್ಮ ರೆಕಾರ್ಡಿಂಗ್ ಸ್ಟುಡಿಯೋ ಮುಚ್ಚಿಬಿಟ್ಟೆ ಕಣೋ. ಹಕ್ಕಿಗಳ ದನಿ ಹಿಡಿಯಲು ಹೋದ ನೀನು ಮರಳಿ ಬಾರದ ಆ ಕಾಡಿನ ಬಗ್ಗೆಯೇ ಈಗ ಕಥೆ ಬರೆಯುತ್ತಿದ್ದೇನೆ; ಒಂದು ಪುಸ್ತಕವೂ ಬಂದಿದೆ. ಅಲ್ಲಿಗೆ ಒಮ್ಮೆಯೂ ಕಾಲಿಟ್ಟವನಲ್ಲ ನಾನು.

ಇಂದು ಬೆಳಿಗ್ಗೆ ಅರಣ್ಯ ಕಾವಲುಗಾರನೊಬ್ಬ ನನ್ನ ಪುಸ್ತಕ ಹಿಡಿದು ಮನೆಗೆ ಬಂದ.

"ಸಾರ್, ನೀವು ಬರೆದಿರೋ ಸಿಡಿಲು ಬಡಿದ ಮರ, ಪಕ್ಕದ ಮೂರು ಬಂಡೆ, ಎಲ್ಲಾ ಹಾಗೇ ಇದೆ. ಪೊಟರೆಗೆ ಕೈ ಹಾಕಿದೆ, ಇದು ಸಿಕ್ತು."

ನೀನೇ ಟೇಪು ಸುತ್ತಿದ್ದ ಹೆಡ್‌ಫೋನನ್ನು ಮೇಜಿನ ಮೇಲಿಟ್ಟ.

"ನಿಮಗೆ ಹೇಗೆ ಗೊತ್ತಾಯ್ತು?"

"ಸುಮ್ನೆ ಕಲ್ಪನೆ," ಎಂದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ: "ಕಥೆಯಲ್ಲಿ ದಾರಿ ತಪ್ಪಿದವನು ಗೆಳೆಯನಿಗೆ ಅಷ್ಟು ಸಲ ಫೋನ್ ಮಾಡ್ತಾನಲ್ಲ, ಆ ಗೆಳೆಯ ಯಾಕೆ ಎತ್ತಲ್ಲ ಸಾರ್?"

"ರೆಕಾರ್ಡಿಂಗ್ ನಡೀತಿತ್ತು," ಎಂದುಬಿಟ್ಟೆ.

ಕಥೆಯಲ್ಲಿ ಹಾಗೆಂದು ಎಲ್ಲೂ ಬರೆದಿಲ್ಲ.