ಗಾಳಿ ಸೋಕಿದರೆ ಸಾಯುವ ಕ್ರಿಮಿ

ತರೀಕೆರೆ
೧೨ನೇ ನವೆಂಬರ್ ೧೯೨೩, ಸೋಮವಾರ

ಪೂಜ್ಯ ಯಜಮಾನರಿಗೆ ತೀರ್ಥಮ್ಮನ ಶರಣಾರ್ಥಿಗಳು.

ಬೆಂಗಳೂರಿಗೆ ಸುಖವಾಗಿ ತಲುಪಿದಿರೆಂದು ನಂಬಿದ್ದೇನೆ. ಹೊರಡುವಾಗ ನೆಗಡಿಯಿಂದ ನಿಮ್ಮ ಮೂಗು ಪೂರ್ತಿ ಕಟ್ಟಿತ್ತು. ಟ್ರಂಕಿನ ಮೂಲೆಯಲ್ಲಿ ಶುಂಠಿ, ಮೆಣಸು ಕುಟ್ಟಿ ಕಟ್ಟಿಟ್ಟಿದ್ದೇನೆ. ಬಿಸಿ ಹಾಲಿಗೆ ಹಾಕಿಕೊಂಡು ಕುಡಿಯಿರಿ. ಮೊನ್ನೆ ನೀವು ಅರ್ಧ ದಿನಕ್ಕೆಂದು ಮನೆಗೆ ಬಂದಾಗ, ಅವ್ವ ಎಲ್ಲಿ ಎಂದು ಕೇಳಿದಿರಿ. ರಾಗಿ ಕೊಯ್ಲು ನೋಡಿಕೊಳ್ಳಲು ಅಜ್ಜಂಪುರಕ್ಕೆ ಹೋದರು ಎಂದೆ. ಹೋದದ್ದು ನಿಜ, ಕಾರಣ ಸುಳ್ಳು. ಎದುರು ನಿಂತು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ದಸರೆ ಮುಗಿದ ಮಾರನೆಯ ದಿನ ನೀವು ಜ್ವರದ ತಪಾಸಣೆಗೆಂದು ಲಕ್ಕವಳ್ಳಿಗೆ ಹೋದಿರಿ. ಅಲ್ಲಿಯ ಕಾಡಿನ ಬಿಸಿನೀರಿನ ಬುಗ್ಗೆಯಿಂದ ಮುಂಚೆಯೇ ತಂದಿದ್ದ ಕರಿಯ ಕೆಸರನ್ನೂ, ಅದರಲ್ಲಿ ನೀವು ಕಂಡುಹಿಡಿದ ಕ್ರಿಮಿಯನ್ನೂ ಹೊರಡುವಾಗ ನನ್ನ ಕೈಗೆ ಒಪ್ಪಿಸಿದಿರಿ. ನಾಲ್ಕು ದಿನಕ್ಕೊಮ್ಮೆ ಮೇಕೆಯ ಮಾಂಸ ಬೇಯಿಸಿ ಸಾರು ತೆಗೆಯಬೇಕು, ಅದನ್ನು ಗಾಜಿನ ನಳಿಗೆಗೆ ತುಂಬಿ ಹಳೆಯ ನಳಿಗೆಯಿಂದ ನಾಲ್ಕು ತೊಟ್ಟು ಬಿಡಬೇಕು, ಗಾಳಿ ಸೋಕದಂತೆ ಮೇಲೆ ಮೇಣ ಕರಗಿಸಿ ಸುರಿಯಬೇಕು, ಫ್ಯಾರನ್‌ಹೀಟ್ ನೂರ ನಲವತ್ತು ಡಿಗ್ರಿ ಕಾವಿನ ನೀರಿನ ಹಂಡೆಯಲ್ಲಿ ನಿಲ್ಲಿಸಬೇಕು. ಈ ಕೆಲಸಕ್ಕೆ ನಿನ್ನಷ್ಟು ಅಚ್ಚುಕಟ್ಟು ಯಾರಿಗೂ ಬಾರದು ಎಂದಿರಿ. ನಾನು ಆ ಹೊಗಳಿಕೆಗೆ ಮರುಳಾದೆ.

ನೀವು ಹೇಳಿಟ್ಟಿದ್ದಂತೆ ಕೆಲಸದ ಕರಿಯಮ್ಮ ಹಿತ್ತಿಲ ಬಾಗಿಲಿಗೆ ಮುತ್ತುಗದ ಎಲೆಯಲ್ಲಿ ಮಾಂಸ ತಂದಿಟ್ಟಳು. ಹುಟ್ಟಿದಾಗಿನಿಂದ ಅಂಥದ್ದನ್ನು ಕಣ್ಣಿಟ್ಟು ನೋಡಿದವಳಲ್ಲ ನಾನು. ಕೊಟ್ಟಿಗೆಯಲ್ಲಿ ಒಲೆ ಹೂಡಿ, ಮೂಗಿಗೆ ಸೆರಗು ಬಿಗಿದು ಬೇಯಿಸಿದೆ. ಮೇಲೆ ಬೂದುಬಣ್ಣದ ನೊರೆ ಬಂತು. ಅದನ್ನು ಸೌಟಿನಲ್ಲಿ ತೆಗೆಯುವಾಗ ಬೆರಳಿಗೆ ಜಿಡ್ಡು ಹತ್ತಿತು. ಸೀಗೆಪುಡಿ ಹಾಕಿ, ಬೂದಿ ಹಾಕಿ, ನಿಂಬೆಹೋಳಿನಿಂದ ಉಜ್ಜಿ ತೊಳೆದರೂ ಹೋಗಲಿಲ್ಲ. ಬೆಳಗ್ಗೆ ಪೂಜೆಗೆ ಕುಳಿತು ಎಡಗೈಯಲ್ಲಿ ಲಿಂಗ ಹಿಡಿದರೆ ಅಂಗೈಯಿಂದಲೇ ಆ ನಾತ. ಅನ್ನ ಕಲಸಿದರೆ ಅನ್ನದಲ್ಲಿ, ಜಡೆ ಬಿಚ್ಚಿದರೆ ಜಡೆಯಲ್ಲಿ. ಎರಡನೆಯ ಸಲ ಸಾರು ಸೋಸುವಾಗ ಬಚ್ಚಲಿಗೆ ಓಡಿಹೋಗಿ ಕಕ್ಕಿಬಿಟ್ಟೆ. ಮಾರನೆಯ ದಿನವೂ ಹಾಗೇ ಆಯಿತು.

ಅತ್ತೆಯವರು ಅದನ್ನು ಕೇಳಿಸಿಕೊಂಡರು. ಮದುವೆಯಾಗಿ ಏಳು ವರ್ಷವಾದ ಸೊಸೆ ಎರಡು ದಿನ ಕಕ್ಕಿದರೆ ಯಾವ ಅತ್ತೆ ತಾನೇ ಬೇರೆ ಎಣಿಸುತ್ತಾಳೆ? ನನ್ನ ಬೆನ್ನು ಸವರಿದರು. ಪಕ್ಕದ ಮನೆಯ ಜಯಲಕ್ಷ್ಮಮ್ಮನವರಿಂದ ಹುಣಸೆಕಾಯಿ ಕೇಳಿ ತಂದರು. ಅಷ್ಟು ಮೆತ್ತಗೆ ಅವರು ಎಂದೂ ನನ್ನೊಡನೆ ಮಾತಾಡಿರಲಿಲ್ಲ. ಒಂದಿಡೀ ದಿನ ನಾನು ಬಾಯಿ ಬಿಡಲಿಲ್ಲ. ಆ ಮೌನ ನೆನೆದರೆ ಈಗಲೂ ನನಗೆ ನನ್ನ ಮೇಲೇ ಹೇಸಿಕೆಯಾಗುತ್ತದೆ. ಮರುದಿನ ಹುಣಸೆಕಾಯಿ ಬಿಡಿಸಿ ಕೈಗಿಟ್ಟಾಗ ತಡೆಯಲಾಗದೆ, ಹಾಗೇನೂ ಇಲ್ಲ, ಇದು ಮಾಂಸದ ವಾಕರಿಕೆ ಎಂದು ಹೇಳಿ ಕೊಟ್ಟಿಗೆಗೆ ಕರೆದೊಯ್ದು ತೋರಿಸಿದೆ.

ಅವರು ಗಡಿಗೆಯೊಳಗೆ ಬಗ್ಗಿ ನೋಡಿದರು. ಕೂಗಾಡಲಿಲ್ಲ. "ಕೊರಳಲ್ಲಿ ಲಿಂಗ ಕಟ್ಕಂಡು ಹೆಣ ಬೇಯಿಸ್ತಾ ಇದೀಯಲ್ಲೇ. ಇಂಥ ಮನೇಲಿ ಕೂಸು ಎಲ್ಲಿಂದ ಬತ್ತದೆ?" ಎಂದರು. ಅಷ್ಟೇ. ಒಂದು ಗುಟುಕು ನೀರನ್ನೂ ಮುಟ್ಟದೆ ಬೆಳಗಿನ ರೈಲಿಗೆ ಬೀರೂರಿಗೆ ಹೋಗಿ, ಅಲ್ಲಿಂದ ಅಜ್ಜಂಪುರ ಸೇರಿದರು.

ಮೊನ್ನೆ ನೀವು ಬಂದವರು ನೆಟ್ಟಗೆ ಹಂಡೆಯ ಹತ್ತಿರ ಹೋದಿರಿ. ಮೂರು ನಳಿಗೆಗಳಲ್ಲಿ ಗುಳ್ಳೆ ಎದ್ದು ಮೇಣದ ಬಿರಡೆ ಮೇಲಕ್ಕೆ ಸರಿದಿದ್ದನ್ನು ಕಂಡು ಹಿಗ್ಗಿದಿರಿ. ಒಂದು ತೊಟ್ಟನ್ನು ಮೈಕ್ರೊಸ್ಕೋಪಿನಲ್ಲಿಟ್ಟು ನನಗೂ ತೋರಿಸಿದಿರಿ: ತೆಳ್ಳನೆಯ ಕಡ್ಡಿಗಳು, ತುದಿಯಲ್ಲಿ ಡೊಳ್ಳಿನ ಕೋಲಿನಂತೆ ಒಂದೊಂದು ಗುಂಡು. "ಇಷ್ಟು ಚೆನ್ನಾಗಿ ಎಂದೂ ಬೆಳೆದಿರ್ಲಿಲ್ಲ. ನಿನ್ನ ಸಾರು ಹಿಡಿಸ್ತು ಕಣೇ ಅದಕ್ಕೆ," ಎಂದಿರಿ. ನೋಟುಬುಕ್ಕಿನಲ್ಲಿ ಮಾಂಸದ ಸಾರು ಎಂದು ಬರೆದುಕೊಂಡಿರಿ. ಶನಿವಾರ ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಇದನ್ನೇ ಓದುತ್ತೇನೆ ಎಂದು, ಆ ಮೂರನ್ನೂ ಹತ್ತಿಯಲ್ಲಿ ಸುತ್ತಿಕೊಂಡು ಹೊರಟುಬಿಟ್ಟಿರಿ.

ಅತ್ತೆಯವರಿಗೆ ನೀವೇ ಒಂದು ಕಾಗದ ಬರೆಯಿರಿ. ನಾನು ಬರೆದರೆ ಓದಿಸಿಕೊಳ್ಳಲಾರರು. ಊಟದ ಹೊತ್ತು ತಪ್ಪಿಸಬೇಡಿ. ಮಠದ ಅಯ್ಯನವರು ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ಇಂತಿ ನಿಮ್ಮ
ತೀರ್ಥಮ್ಮ

ಮರೆಯದೆ ಓದಿ: ನೀವು ಒಯ್ದ ಮೂರು ನಳಿಗೆಗಳಲ್ಲಿ ಮಾಂಸವಿಲ್ಲ. ಅತ್ತೆಯವರು ಹೋದ ದಿನವೇ ಗಡಿಗೆಯನ್ನು ತಿಪ್ಪೆಗೆ ಎಸೆದು, ಕರಿಯಮ್ಮನಿಗೆ ಇನ್ನು ತರಬೇಡವೆಂದೆ. ಬುಗ್ಗೆಯ ಕೆಸರಿನಲ್ಲಿ ಕೊಳೆತ ಎಲೆ ಕಂಡಿದ್ದೆ. ಆದ್ದರಿಂದ ಭತ್ತದ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಬೇಯಿಸಿ ಸಾರಿನ ಬದಲು ನಳಿಗೆಗಳಿಗೆ ಹಾಕಿದೆ. ಐದು ದಿನದಲ್ಲಿ ಹುಲ್ಲು ಕರಗಿ ಹಳದಿ ಲೋಳೆಯಾಯಿತು. ಅದನ್ನೇ ನೀವು ಸಾರು ಎಂದುಕೊಂಡಿರಿ. ಅದರ ನಾತ ಮಾಂಸಕ್ಕಿಂತ ಕೆಟ್ಟದ್ದು. ಕ್ರಿಮಿ ಬಿಡದೆ ಇಟ್ಟ ನಳಿಗೆಯಲ್ಲಿ ಹುಲ್ಲು ಇದ್ದ ಹಾಗೇ ಇದೆ. ಮಾಂಸದ ಸಾರಿನ ಕೊನೆಯ ಎರಡು ನಳಿಗೆಗಳಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ನಿಮ್ಮ ಸಂತೋಷ ಕಂಡು ಹೇಳಲು ಹೆದರಿದೆ. ನನ್ನನ್ನು ಬೈಯಿರಿ, ಆದರೆ ಸಭೆಯಲ್ಲಿ ತಪ್ಪು ಓದಬೇಡಿ. ಅದು ಹುಲ್ಲು ತಿನ್ನುವ ಕ್ರಿಮಿ. ನಂಬಿಕೆ ಬಾರದಿದ್ದರೆ ಅಲ್ಲೇ ಒಂದು ಹಿಡಿ ಹುಲ್ಲು ತರಿಸಿ ಬೇಯಿಸಿ ನೋಡಿ.