ಹೊಲಿದ ಅಂಗಿಯ ನಾಲ್ಕು ಸುತ್ತು

14, ಟ್ಯಾನರಿ ಲೇನ್,
ಆಲ್ಡರ್ಸ್‌ಬಿ
ಮಂಗಳವಾರ, 17 ಅಕ್ಟೋಬರ್ 1978

ನನ್ನ ಮುದ್ದು ರಸ್,

ಅಮ್ಮನಿಂದ ಹಣೆಗೊಂದು, ಎರಡು ಕೆನ್ನೆಗೆ ಎರಡು ಮುತ್ತು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಬೈದುಕೋ. ಕಾಗದ ಮುಂದಿಟ್ಟುಕೊಂಡು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಎದ್ದು ಹೋಗಿ ಪಾತ್ರೆ ತೊಳೆದೆ. ನಮ್ಮ ಮನೆಯ ಪಾತ್ರೆಗಳು ಎಂದೂ ಇಷ್ಟು ಫಳಫಳ ಹೊಳೆದದ್ದಿಲ್ಲ. ನೀನು ಸರಿಯಾಗಿ ತಿನ್ನುತ್ತಿದ್ದೀಯಾ? ಬೇಯಿಸಿದ ಕೋಸನ್ನು ಪಕ್ಕದ ಹಾಸಿಗೆಯವರ ತಟ್ಟೆಗೆ ದಾಟಿಸುತ್ತೀಯೆಂದು ದಾದಿ ನಿಮ್ಮಪ್ಪನ ಹತ್ತಿರ ಚಾಡಿ ಹೇಳಿದ್ದಾಳೆ.

ಇನ್ನು ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿದ ದಿನದಿಂದ, ಬೈಕ್ ರೇಸಿನ ಸುದ್ದಿ ನನ್ನ ಮುಂದೆ ಎತ್ತಕೂಡದು ಎಂದು ನೀನು ಕಟ್ಟಪ್ಪಣೆ ಮಾಡಿದ್ದೀಯ. ಎತ್ತಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತೀಯ. ನಿಮ್ಮಪ್ಪ ಪದಕವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಅಲ್ಲಿಗೆ ಬಂದು, ಮಂಜು ಬಿದ್ದದ್ದು, ಪೆಟ್ರೋಲು ಸಿಗದೆ ಹೋದದ್ದು ಎಲ್ಲ ಮಾತಾಡಿ, ಪದಕವನ್ನು ಹಾಗೆಯೇ ವಾಪಸು ತಂದರು. ನನ್ನಿಂದ ಅದಾಗದು. ಕಾಗದಕ್ಕೆ ಬೆನ್ನು ತೋರಿಸಿದರೂ ಅದು ಸುಮ್ಮನಾಗುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಹೌದು, ಪದಕ. ಗೆದ್ದೆವು ರಸ್. ಆಲ್ಡರ್ಸ್‌ಬಿ ಲೀಗು ಗೆದ್ದಿತು.

ನಿಮ್ಮಜ್ಜ ಇದ್ದಿದ್ದರೆ ನಂಬುತ್ತಿರಲಿಲ್ಲ. ಯುದ್ಧ ಮುಗಿದ ಹೊಸದರಲ್ಲಿ ಟಿಕೆಟ್ಟಿಗೆ ಕಾಲುವೆಯ ಸೇತುವೆಯವರೆಗೆ ಸಾಲು ನಿಲ್ಲುತ್ತಿತ್ತು, ಇಪ್ಪತ್ತು ಸಾವಿರ ಜನ ಬರುತ್ತಿದ್ದರು ಎಂದು ಅವರು ಹೇಳುತ್ತಿದ್ದರಲ್ಲ, ಆಗಲೂ ನಾವು ಗೆದ್ದವರಲ್ಲ. ಆಮೇಲೆ ಜನ ಟಿವಿ ಮುಂದೆ ಕೂತರು, ಗೇಟಿಗೆ ಬೀಗ ಬಿತ್ತು, ಮೈದಾನ ನಾಯಿ ಓಟದವರ ಪಾಲಾಯಿತು. ಎಪ್ಪತ್ತರಲ್ಲಿ ಮತ್ತೆ ಬಾಗಿಲು ತೆರೆದ ಮೇಲೆ ಮೂರು ಸಲ ಪಟ್ಟಿಯ ತಳದಲ್ಲಿ ನಿಂತೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಹಾಗೆ, ತಂಡದ ಯಜಮಾನ ಪಿಕರ್ಡ್ ಕಪ್ಪುಗಳನ್ನಿಡಲು ಗಾಜಿನ ಬೀರು ಬೇರೆ ಕೊಂಡು ತಂದ. ಇಷ್ಟು ವರ್ಷ ಅದರಲ್ಲಿದ್ದದ್ದು ಟೀ ಕಪ್ಪುಗಳು. ಈ ವರ್ಷ ಏಪ್ರಿಲಿನಿಂದ ಜುಲೈವರೆಗೆ ನೀನು ಒಬ್ಬನೇ ಆ ತಂಡವನ್ನು ಎಳೆದು ಪಟ್ಟಿಯ ತುದಿಗೆ ತಂದು ನಿಲ್ಲಿಸಿದ್ದೆ.

ಜುಲೈ ಎಂಟರಂದು ಹೆಸ್ಕಿತ್‌ನಲ್ಲಿ ಆದದ್ದು ನಿನಗೆ ನೆನಪಿಲ್ಲವಂತೆ. ನನಗೆ ಮರೆಯಲಾಗುತ್ತಿಲ್ಲ. ಮೂರನೇ ತಿರುವಿನಲ್ಲಿ ನೀನು ಬೇಲಿಯ ಪಕ್ಕದಿಂದ ಮುಂದೆ ನುಗ್ಗುತ್ತಿದ್ದೆ, ಒಳಗಡೆ ಆ ಊರಿನ ತಂಡದ ಕ್ಲಿಫ್ ವಾಡೆಲ್ ಇದ್ದ. ಅವನದು ಯಾವಾಗಲೂ ಆನೆ ನಡೆದದ್ದೇ ದಾರಿ. ಅವನು ಹೊರಗೆ ಸರಿಯುತ್ತ ಬಂದ, ನಿನಗೆ ಬೇಲಿ ಬಿಟ್ಟರೆ ಜಾಗ ಉಳಿಯಲಿಲ್ಲ. ಗಾಯದ ಮೇಲೆ ಬರೆ ಎಳೆದಂತೆ, ನೀನಿನ್ನೂ ಮಣ್ಣಿನ ಮೇಲೆ ಬಿದ್ದಿರುವಾಗಲೇ ಓಟ ನಿಂತದ್ದು ನಿನ್ನಿಂದ ಎಂದು ನಿನ್ನ ಹೆಲ್ಮೆಟ್ಟಿನ ಬಣ್ಣದ ದೀಪ ಹಚ್ಚಿ ಮರು ಓಟದಿಂದ ನಿನ್ನನ್ನೇ ಹೊರಗಿಟ್ಟರು. ಆಂಬುಲೆನ್ಸಿನವರು ನಿನ್ನ ಒಂದನೇ ನಂಬರಿನ ಅಂಗಿಯನ್ನು ಕತ್ತಿನಿಂದ ಕೆಳಗಿನವರೆಗೆ ಕತ್ತರಿಯಲ್ಲಿ ಸೀಳಿ ನನ್ನ ಕೈಗೆ ಕೊಟ್ಟರು. ಆ ವಾರ ಕೈಗೆ ಏನಾದರೂ ಕೆಲಸ ಬೇಕಿತ್ತು. ತಣ್ಣೀರಿನಲ್ಲಿ ಉಪ್ಪು ಹಾಕಿ ಒಗೆದು ಹೊಲಿದೆ. ಎದೆಯ ಮೇಲಿರುವ ನಮ್ಮ ತಂಡದ ಗುರುತು, ಆ ನೀರುನಾಯಿಯ ಮೂತಿ ಸ್ವಲ್ಪ ಸೊಟ್ಟಗಾಗಿದೆ.

ಕೊನೆಯ ಪಂದ್ಯ ಡ್ರೇಫೋರ್ಡ್ ವಿರುದ್ಧ, ನಮ್ಮ ಮೈದಾನದಲ್ಲೇ. ಗೆದ್ದರೆ ಲೀಗು ನಮ್ಮದು, ಸಮವಾದರೂ ಅವರದು. ನಿನ್ನ ಜಾಗಕ್ಕೆ ಬೇರೆ ತಂಡದಿಂದ ಅತಿಥಿಯನ್ನು ಕರೆಯುವ ನಿಯಮ ನಿನಗೆ ಗೊತ್ತೇ ಇದೆ, ನೀನೂ ಎಷ್ಟೋ ಊರುಗಳಲ್ಲಿ ಒಂದು ಸಂಜೆಗೆ ಅವರ ಅಂಗಿ ತೊಟ್ಟು ಓಡಿಸಿ ಬಂದವನು. ಪಂದ್ಯದ ವಾರ ಮಂಗಳವಾರ ಪಿಕರ್ಡ್ ಫೋನು ಮಾಡಿ, "ಎನಿಡ್, ಫೋನ್ ಇಡ್ಬೇಡ, ವಾಡೆಲ್ ಬರ್ತಾನೆ" ಎಂದ. ನಾನು ಇಟ್ಟೆ. ಮತ್ತೆ ಮಾಡಿದ. ನಿನ್ನ ಸಮಕ್ಕೆ ಬರುವ ಉಳಿದವರೆಲ್ಲ ಆ ಶನಿವಾರ ತಂತಮ್ಮ ಪಂದ್ಯಗಳಲ್ಲಿದ್ದರಂತೆ. ಆ ಮನುಷ್ಯ ನಮ್ಮ ಬಣ್ಣ ತೊಡುವುದಾದರೆ ನಾನು ಗೇಟಿನೊಳಗೆ ಕಾಲಿಡುವುದಿಲ್ಲ ಎಂದು ಹೇಳಿದೆ, ಇನ್ನೂ ಏನೇನೋ ಹೇಳಿದೆ. ನಿಮ್ಮಪ್ಪ ಅಡುಗೆಮನೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಆಡಿದರು.

"ರಸ್ ಜುಲೈವರೆಗೂ ಕಟ್ಟಿದ್ದನ್ನ ನಾವೇ ಕೆಡವೋದಾ, ಎನಿಡ್?"

ಹೋಗುವುದೆಂದು ಒಪ್ಪಿಕೊಂಡೆ. ಆದರೆ ನಿನ್ನ ತಾಯಿಯ ಗುಣ ನಿನಗೆ ಗೊತ್ತು, ಸೋತರೂ ಮೀಸೆ ಮಣ್ಣಾಗಬಾರದು. ತಂಡದ ಅಂಗಿಗಳನ್ನು ಒಗೆಯುವವಳು ನಾನು ತಾನೇ? ಅತಿಥಿಗಳಿಗೆಂದು ಇಟ್ಟ ಬದಲಿ ಅಂಗಿ ಇಸ್ತ್ರಿಯಾಗಿ ಚೀಲದಲ್ಲಿತ್ತು. ಅದನ್ನು ಮನೆಯಲ್ಲೇ ತೆಗೆದಿಟ್ಟು ನಿನ್ನದನ್ನು ಒಯ್ದೆ. ಕತ್ತರಿ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ಎಂದು ಅವನ ಕಣ್ಣಿಗೆ ಕಾಣಲಿ, ಇಡೀ ಸಂಜೆ ಅದನ್ನು ಎದೆಯ ಮೇಲೆ ಹೊತ್ತು ತಿರುಗಲಿ ಎಂಬುದೇ ನನ್ನ ಉದ್ದೇಶ. ಬೈಕುಗಳನ್ನು ಸಜ್ಜು ಮಾಡುವ ಪಿಟ್ಸ್‌ನಲ್ಲಿ ಅವನ ಮುಖವನ್ನೂ ನೋಡದೆ ಅಂಗಿಯನ್ನು ಅವನ ಬೈಕಿನ ಸೀಟಿನ ಮೇಲೆ ಎಸೆದು ಬಂದೆ. ಅವನು ಏನೂ ಕೇಳದೆ ತೊಟ್ಟ.

ಓಡಿಸುವುದು ಮಾತ್ರ ಓಡಿಸಿದ, ಮಗಾ. ಮೂರು ಓಟ, ಮೂರರಲ್ಲೂ ಮೊದಲು. ನಮ್ಮವರು ಅವನು ಬಂದಾಗ ಬೂ ಎಂದರು, ಎರಡನೇ ಓಟಕ್ಕೆ ಸುಮ್ಮನಾದರು, ಮೂರನೆಯದಕ್ಕೆ ಚಪ್ಪಾಳೆ ತಟ್ಟಿ ನನ್ನನ್ನು ಕಂಡು ಕೈ ಕೆಳಗಿಳಿಸಿದರು. ಆದರೆ ಡ್ರೇಫೋರ್ಡಿನವರೂ ಬಿಟ್ಟುಕೊಡುವವರಲ್ಲ. ಹನ್ನೆರಡು ಓಟ ಮುಗಿದಾಗ ನಾವು ಮೂವತ್ತೈದು, ಅವರು ಮೂವತ್ತೇಳು. ಕೊನೆಯ ಓಟದಲ್ಲಿ ನಮ್ಮ ಇಬ್ಬರೂ ಮೊದಲೆರಡು ಸ್ಥಾನ ಹಿಡಿದು ಮೂರು ಮತ್ತು ಎರಡು, ಒಟ್ಟು ಐದು ಪಾಯಿಂಟು ತರಬೇಕು, ಬೇರೆ ದಾರಿಯೇ ಇಲ್ಲ. ಆ ಇಬ್ಬರು ಯಾರು? ವಾಡೆಲ್, ಮತ್ತು ನಮ್ಮ ಡೆನ್ನಿಸ್ ಕೋಲ್. ಮೂವತ್ತೆಂಟರ ಡೆನ್ನಿಸ್, ವಾರವೆಲ್ಲ ನಲ್ಲಿ ರಿಪೇರಿ ಮಾಡಿ ಶನಿವಾರ ಮಂಡಿಗೆ ಪಟ್ಟಿ ಸುತ್ತಿಕೊಂಡು ಮೂರನೆಯವನಾಗಿ ಬರುವ ಡೆನ್ನಿಸ್.

ಅಷ್ಟರಲ್ಲಿ ಅಂಗಿಯ ಪಕ್ಕದ ದಾರ ಕಿತ್ತುಹೋಗಿದೆಯೆಂದು ವಾಡೆಲ್ ನನ್ನ ಹತ್ತಿರ ಬಂದು ನಿಂತ. ಸೂಜಿ ನನ್ನ ಕೈಯಲ್ಲಿ, ಪಕ್ಕೆಲುಬು ಅವನದು. ದೇವರು ಎಂಥ ಅವಕಾಶ ಕೊಟ್ಟ ನೋಡು.

"ಇದು ಅವನದೇ ಅಲ್ವಾ?" ಎಂದ.

"ಹೌದು. ಅಲುಗಾಡ್ಬೇಡ," ಎಂದೆ.

"ಅವತ್ತು ನಾನು ಜಾಗ ಕೊಡ್ಬೋದಿತ್ತು, ಮಿಸೆಸ್ ಗ್ರಿಮ್‌ಶಾ. ಅವನು ಪಕ್ಕದಲ್ಲಿರೋದು ನಂಗೆ ಗೊತ್ತಿತ್ತು. ಕೊಡ್ಲಿಲ್ಲ."

ದಾರವನ್ನು ಹಲ್ಲಿನಿಂದ ಕಡಿದೆ.

"ಡೆನ್ನಿಸ್‌ಗೆ ಮಂಡಿ ನೋವು. ಬೇಲಿ ಕಡೆ ಹೋಗೋಕೆ ಹೆದರ್ತಾನೆ. ಅವನಿಗೆ ಒಳಗಡೆ ದಾರಿ ಬೇಕು," ಎಂದೆ.

"ಹೇಗೆ ಓಡಿಸ್ಬೇಕು ಅಂತ ನೀವು ನಂಗೆ ಹೇಳ್ಕೊಡ್ತೀರಾ?"

"ಯಾರಾದ್ರೂ ಹೇಳ್ಕೊಡ್ಬೇಕಲ್ಲಪ್ಪ."

ಅವನ ಬೈಕನ್ನು ಹಿಂದಿನಿಂದ ತಳ್ಳಿ ಶುರು ಮಾಡಿಕೊಟ್ಟದ್ದು ನಿಮ್ಮಪ್ಪ. ಹೊರಡುವ ಗೆರೆಯ ಟೇಪು ಮೇಲೆದ್ದಿತು. ಮೊದಲ ತಿರುವಿಗೇ ವಾಡೆಲ್ ಮುಂದೆ, ಡೆನ್ನಿಸ್ ಎಂದಿನಂತೆ ಮೂರನೆಯವನು. ಒಂದು ಸುತ್ತು ಹಾಗೇ ಆಯಿತು. ಎರಡನೇ ಸುತ್ತಿನಲ್ಲಿ, ರಸ್, ಜೀವಮಾನದಲ್ಲಿ ಹಿಂದಿರುಗಿ ನೋಡದ ಆ ಮನುಷ್ಯ ಕತ್ತು ತಿರುಗಿಸಿ ಹಿಂದೆ ನೋಡಿದ. ವೇಗ ಇಳಿಸಿದ. ಡ್ರೇಫೋರ್ಡಿನ ಬಿಳಿ ಹೆಲ್ಮೆಟ್ಟಿನವನನ್ನು ತನ್ನ ಹೊರಗಡೆಗೆ ಎಳೆದುಕೊಂಡು ಒಳಗಡೆ ಒಂದು ಬೈಕು ಹೋಗುವಷ್ಟು ಜಾಗ ಬಿಟ್ಟ. ಡೆನ್ನಿಸ್ ಅದರೊಳಗೆ ತೂರಿಕೊಂಡ. ಅಲ್ಲಿಂದ ಮುಂದೆ ಎರಡೂವರೆ ಸುತ್ತು ವಾಡೆಲ್ ಅವನ ಪಕ್ಕದಲ್ಲೇ ಹೊರಗಡೆ ಗೋಡೆ ಕಟ್ಟಿದ. ಬಿಳಿ ಹೆಲ್ಮೆಟ್ಟಿನವನು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ, ಆದರೆ ಬೇಲಿಯ ಪಕ್ಕ ಒಬ್ಬ ಮನುಷ್ಯ ಉಳಿಯುವಷ್ಟು ಜಾಗವನ್ನು ಒಮ್ಮೆಯೂ ಮುಚ್ಚಲಿಲ್ಲ. ಡೆನ್ನಿಸ್ ಮೊದಲು, ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ವಾಡೆಲ್. ನಲವತ್ತು, ಮೂವತ್ತೆಂಟು. ಈ ವರ್ಷ ಡೆನ್ನಿಸ್ ಗೆದ್ದ ಮೊದಲ ಓಟ ಅದು, ಪಾಪ, ಇನ್ನೂ ಒಂದು ಸುತ್ತಿದೆ ಎಂದುಕೊಂಡು ಓಡಿಸುತ್ತಲೇ ಇದ್ದ.

ಆಮೇಲಿನ ಗಲಾಟೆ ಏನು ಹೇಳಲಿ. ಜನ ಬೇಲಿ ಹಾರಿ ಕೆಂಪು ಮಣ್ಣಿಗೆ ಇಳಿದರು. ಪಿಕರ್ಡ್ ಅತ್ತ. ಟೀ ಅಂಗಡಿಯ ಮಾಡ್ ನನ್ನನ್ನು ತಬ್ಬಿಕೊಂಡು ನನ್ನ ಟೋಪಿ ಅಪ್ಪಚ್ಚಿ ಮಾಡಿದಳು. ತಂಡವನ್ನೆಲ್ಲ ಮೆರವಣಿಗೆಯ ಲಾರಿಗೆ ಹತ್ತಿಸಿದಾಗ ವಾಡೆಲ್ ಹತ್ತಲಿಲ್ಲ. ಅತಿಥಿಗೆ ಪದಕವೂ ಇಲ್ಲವಲ್ಲ. ಅಂಗಿ ಬಿಚ್ಚಿ, ಮಡಿಚಿ, ಡೆನ್ನಿಸ್ ಕೈಗೆ ಕೊಟ್ಟು ಬೈಕನ್ನು ವ್ಯಾನಿಗೆ ಏರಿಸಲು ಹೋದ. ಡೆನ್ನಿಸ್ ಅದನ್ನು ಬಿಡಿಸಿ ಎರಡು ಕೈಯಲ್ಲೂ ಎತ್ತಿ ಹಿಡಿದು ಇಡೀ ಮೈದಾನ ಸುತ್ತಿದ. ಮೂರು ಸಾವಿರ ಜನ ನಿನ್ನ ಹೆಸರು ಕೂಗಿದರು. ಬೇರೆ ಯಾರ ಹೆಸರನ್ನೂ ಅಲ್ಲ, ನಿನ್ನದು. ಆ ಸದ್ದು ನೀನಿರುವ ಊರಿನವರೆಗೆ ಕೇಳಿಸದೆ ಹೋಯಿತಲ್ಲ ಎಂದು ನಿಮ್ಮಪ್ಪ ಈಗಲೂ ಗೊಣಗುತ್ತಾರೆ.

ವಾಡೆಲ್‌ಗೆ ನಾನು ಥ್ಯಾಂಕ್ಸ್ ಹೇಳಲಿಲ್ಲ. ವ್ಯಾನಿನ ಕಿಟಕಿಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ಚಿನ ಪೊಟ್ಟಣ ಇಟ್ಟು ಬಂದೆ. ಅದು ಕ್ಷಮೆಯಲ್ಲ, ಅವನ ಊರು ದೂರ. ನಿನ್ನನ್ನು ನೋಡಲು ಬರಬಹುದೇ ಎಂದು ಅವನು ಕೇಳಿದ, ಅದನ್ನು ಹೇಳಬೇಕಾದವನು ನೀನು ಎಂದೆ.

ಪದಕವನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಬೇಡವಾದರೆ ಹಾಸಿಗೆಯ ಕೆಳಗೆ ಹಾಕು, ಆದರೆ ಹಿಂದಿರುಗಿಸಬೇಡ. ಏಪ್ರಿಲಿನಿಂದ ಜುಲೈವರೆಗಿನ ಒಂದೊಂದು ಪಾಯಿಂಟೂ ನಿನ್ನದು, ಅವಿಲ್ಲದೆ ಆ ಶನಿವಾರವೇ ಇರುತ್ತಿರಲಿಲ್ಲ. ದೇವರು ನಿನ್ನ ತೋಳುಗಳಿಗೆ ಬಲ ಕೊಡಲಿ, ನಿನ್ನ ಸಿಟ್ಟಿಗೆ ಒಳ್ಳೆಯ ಕೆಲಸವೊಂದನ್ನು ಕೊಡಲಿ, ನಿನ್ನ ರಾತ್ರಿಗಳು ಚಿಕ್ಕವಾಗಲಿ. ಕೋಸು ತಿನ್ನು.

ನಿನ್ನನ್ನು ಹೆತ್ತು ಹೆಮ್ಮೆಪಡುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಹೇಳದೆ ಇರಲಾಗುತ್ತಿಲ್ಲ. ಹೋದ ಎರಡು ಭಾನುವಾರ ನಿಮ್ಮಪ್ಪ ಒಬ್ಬರೇ ವಾರ್ಡಿಗೆ ಬಂದರಲ್ಲ, ನನಗೆ ನೆಗಡಿ ಎಂದು ಅವರು ಹೇಳಿದ್ದು ಸುಳ್ಳು. ನಾನು ಕೆಳಗೆ ಕಾರಿನಲ್ಲೇ ಕೂತಿದ್ದೆ. ಆ ಕೊನೆಯ ಓಟದಲ್ಲಿ ವಾಡೆಲ್ ಹಿಂದಿರುಗಿ ನೋಡಿದಾಗಿನಿಂದ ಮುಗಿಯುವವರೆಗೆ ನಾನು ಅವನ ಹೆಸರು ಕೂಗುತ್ತಿದ್ದೆ ರಸ್. ಗಂಟಲು ಹರಿಯುವ ಹಾಗೆ, ಎರಡು ಕಾಲಿನ ಮೇಲೆ ಕುಣಿಯುತ್ತ. ನಿನ್ನ ಅಂಗಿ ಕಣ್ಣ ಮುಂದೆಯೇ ಇತ್ತು, ನೀನು ನೆನಪಿನಲ್ಲಿರಲಿಲ್ಲ. ಜುಲೈ ಎಂಟರಿಂದ ಈಚೆಗೆ ನಾನು ನಿನ್ನನ್ನು ಮರೆತದ್ದು ಅಷ್ಟು ಹೊತ್ತು ಮಾತ್ರ, ಮತ್ತು ಆಗ ನನಗೆ ಸುಖವಾಗಿತ್ತು.